ಗಂಟು ಹಾಕಿದವನೇ ಮೊದಲು ಇಳಿಯಬೇಕು

ಈ ಸಲ ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಐದು ಜನ ನನಗೊಂದು ಹೆಸರಿಟ್ಟಿದ್ದಾರೆಂದು ಕೇಳಿದೆ. ‘ತೋಯಿಸುವ ಮಾಮಾ’ ಅಂತೆ. ಬೆಳಿಗ್ಗೆ ಏಳೂವರೆಗೆ, ಬಿಸಿಲು ಇನ್ನೂ ಕಣಿವೆಗೆ ಇಳಿಯುವ ಮೊದಲೇ, ಹಗ್ಗ ಕಟ್ಟಿದವರು ತಾವೇ ಜಲಪಾತದೊಳಗೆ ಇಳಿದು, ನಡುನೀರಿನಲ್ಲಿ ತೂಗುತ್ತಾ ನಿಂತು, ಮೇಲಿನವರು ಬಿಡಿಸುವವರೆಗೆ ನೆನೆಯಬೇಕು. ಗಿರಾಕಿಗಳ ಸರದಿ ಆಮೇಲೆ. ಈ ನಿಯಮ ನನ್ನಿಂದ ಶುರುವಾದದ್ದು ಎಂದು ಅವರಿಗೆ ಯಾರೋ ಹೇಳಿದ್ದಾರೆ. ಇದು ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ, ದಿನಕ್ಕೆ ಇಪ್ಪತ್ತು ನಿಮಿಷ ದಂಡ, ಈ ವರ್ಷದಿಂದ ಬಿಟ್ಟುಬಿಡೋಣ ಎಂದು ಒಬ್ಬರು ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದನ್ನೂ ನೋಡಿದೆ. ನಿವೃತ್ತನಾದ ಮೇಲೂ ನನ್ನನ್ನು ಆ ಗುಂಪಿನಿಂದ ತೆಗೆದಿಲ್ಲ. ಅದು ನೀವು ಮಾಡಿದ ಮೊದಲ ತಪ್ಪು.

ಹೆಸರಿನ ಬಗ್ಗೆ ನನಗೆ ಬೇಸರವಿಲ್ಲ. ಆದರೆ ನಿಯಮವನ್ನು ಕೈಬಿಡುವ ಮುಂಚೆ ಅದು ಎಲ್ಲಿಂದ ಬಂತು ಎಂಬುದನ್ನು ಓದಿಬಿಡಿ. ನನ್ನಿಂದ ಶುರುವಾಯಿತು ಎಂಬುದು ಅರ್ಧ ನಿಜ. ಶುರುವಾದದ್ದು ನನ್ನ ತಪ್ಪಿನಿಂದ, ಶುರು ಮಾಡಿದವನು ಯಲ್ಲಪ್ಪ.

ನಾನು ಹುಸೇನಸಾಬ. ಅಪ್ಪ ವಿಜಯಪುರದ ಕಡೆಯಿಂದ ಮುರಗಾಂವ ಬಂದರಿಗೆ ಕೂಲಿಗೆ ಬಂದವರು. ನಾನು ಹುಟ್ಟಿದ್ದು ಬಾಯ್ನಾದಲ್ಲಿ, ಸಮುದ್ರ ಬಾಗಿಲಿಗೇ ಬರುತ್ತಿದ್ದ ಮನೆಯಲ್ಲಿ. ಆ ಮನೆ ಈಗಿಲ್ಲ, ಆ ಓಣಿಯೂ ಇಲ್ಲ. ಝುವಾರಿನಗರಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ, ಅದರ ಬಲದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಹಗ್ಗದ ವಿಷಯದಲ್ಲಿ ಮಾತ್ರ ತಿದ್ದಲು ಬರಬೇಡಿ.

ಬಂದರಿನಲ್ಲಿ ನಾನು ಖಲಾಸಿ. ಕ್ರೇನಿಗೆ ಮಾಲು ಕಟ್ಟುವುದು, ಅದಿರು ಸಾಗಿಸುವ ದೋಣಿಗಳಾದ ಬಾರ್ಜುಗಳನ್ನು ಬಿಗಿಯುವುದು, ವೈರ್ ಹಗ್ಗ ಹೆಣೆಯುವುದು, ಇವು ನಮ್ಮ ಕೆಲಸ. ಆ ಕೆಲಸದಲ್ಲಿ ಒಂದೇ ಪರೀಕ್ಷೆ: ಕಟ್ಟಿದ್ದು ಜಾರಬಾರದು. ನನ್ನ ಗಂಟುಗಳು ಎಂದೂ ಜಾರಲಿಲ್ಲ. ಹೊಸ ಕೆಲಸಗಾರರಿಗೆ ನಮ್ಮ ಮೇಲ್ವಿಚಾರಕ ಮುಕಾದಮನು, ಹುಸೇನನ ಗಂಟು ಬಿಚ್ಚುವುದಕ್ಕಿಂತ ಹಗ್ಗ ಕತ್ತರಿಸುವುದು ಸುಲಭ ಎಂದು ಹೇಳುತ್ತಿದ್ದ. ಅದನ್ನು ಹೊಗಳಿಕೆ ಎಂದೇ ತಿಳಿದು ಎದೆಯುಬ್ಬಿಸಿ ಓಡಾಡಿದವನು ನಾನು.

ಗಣಿಗಳು ನಿಂತಾಗ ಅದಿರಿಲ್ಲದೆ ಬಾರ್ಜುಗಳು ನಿಂತವು, ಬಾರ್ಜುಗಳ ಜೊತೆ ನಾವೂ ನಿಂತೆವು. ಐವತ್ತರ ಹೊಸ್ತಿಲಲ್ಲಿದ್ದ ನನಗೆ, ದಕ್ಷಿಣದ ಘಟ್ಟದ ಕಾಡಿನಲ್ಲಿ ಜಲಪಾತಗಳೊಳಗೆ ಪ್ರವಾಸಿಗರನ್ನು ಹಗ್ಗದಿಂದ ಇಳಿಸುವ ಒಂದು ತಂಡವಿದೆ, ಅಲ್ಲಿ ಹಗ್ಗ ಬಲ್ಲವರು ಬೇಕಂತೆ ಎಂದು ಯಾರೋ ಹೇಳಿದರು. ನಾನು ನಕ್ಕೆ. ನೀರು ಬೀಳುವ ಕಡೆ ಮನುಷ್ಯರೂ ಯಾಕೆ ಬೀಳಬೇಕು ಎಂಬುದು ನನಗೆ ಅರ್ಥವಾಗಿರಲಿಲ್ಲ. ಹದಿಮೂರು ಋತುಗಳಾದ ಮೇಲೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ.

ತಂಡ ನಡೆಸುತ್ತಿದ್ದವರು ಲುರ್ದಿನ್ ಬಾಯಿ. ನೀವು ನೋಡಿದ್ದೀರಿ, ಈಗ ತಲೆ ಪೂರ್ತಿ ಬಿಳಿಯಾಗಿದೆ. ಆಗ ನಲವತ್ತೈದರ ಆಸುಪಾಸು, ಗಿಡ್ಡ ದೇಹ, ಶಾಲೆಯ ಟೀಚರಂತೆ ಕೊರಳಿಗೆ ಸದಾ ಒಂದು ಸೀಟಿ. ಕೊಂಕಣಿಯಲ್ಲೇ ಮಾತು, ಸಿಟ್ಟು ಬಂದರೆ ಮಾತೇ ಇಲ್ಲ. ಮೊದಲ ದಿನ ನನ್ನ ಕೈಗೊಂದು ನೈಲಾನ್ ಹಗ್ಗ ಕೊಟ್ಟು ಗೊತ್ತಿರುವ ಗಂಟುಗಳನ್ನೆಲ್ಲ ಹಾಕು ಎಂದರು. ಹದಿನೇಳು ಹಾಕಿದೆ. ಅವರು ಒಂದೊಂದನ್ನೂ ನೋಡಿ, ಇವುಗಳಲ್ಲಿ ಭಾರ ಬಿದ್ದಾಗಲೂ ಬಿಚ್ಚುವಂಥವು ಎಷ್ಟು ಎಂದು ಕೇಳಿದರು. ಭಾರ ಬಿದ್ದಾಗ ಯಾವ ಹುಚ್ಚ ಬಿಚ್ಚುತ್ತಾನೆ ಎಂದುಕೊಂಡೆ. ಆ ಪ್ರಶ್ನೆಯನ್ನು ಅಲ್ಲೇ ಕುಳಿತು ಯೋಚಿಸಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನಗಿಂತ ಒಂದು ಋತು ಮೊದಲು ಸೇರಿದ್ದವನು ಯಲ್ಲಪ್ಪ. ಬಾಗಲಕೋಟೆ ಕಡೆಯವನು, ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವನು, ನನಗಿಂತ ಆರು ವರ್ಷ ಚಿಕ್ಕವನು. ನನ್ನನ್ನು ‘ಹುಸೇನಣ್ಣ’ ಎನ್ನುತ್ತಿದ್ದ. ಮನೆಯಲ್ಲಿ ದಖನಿ, ಬಾಯಿಯವರ ಜೊತೆ ಕೊಂಕಣಿ, ಗಿರಾಕಿಗಳ ಜೊತೆ ಹಿಂದಿ ಮಾತಾಡಿ ನಾಲಿಗೆ ಸವೆದಿದ್ದ ನನಗೆ ಕಾಡಿನ ನಡುವೆ ಕನ್ನಡ ಕೇಳಿದ್ದೇ ಹಬ್ಬ. ಲಾರಿಯವನಿಗೆ ಹಗ್ಗದ ಕೆಲಸ ಹೇಗೆ ಬರುತ್ತದೆ ಎಂದು ಮೊದಮೊದಲು ಮೂಗು ಮುರಿದೆ. ಆಮೇಲೆ ನೋಡಿದೆ, ಅವನ ಕಣ್ಣು ಅಂಚು ಓದುವ ಕಣ್ಣು. ಗಣಿಯ ರಸ್ತೆಯಲ್ಲಿ ಯಾವ ಕಡೆ ಮಣ್ಣು ಕುಸಿಯುತ್ತದೆ ಎಂದು ನೋಡಿ ನೋಡಿ ಪಳಗಿದವನು. ಬಂಡೆಯ ಅಂಚಿನಲ್ಲಿ ಹಗ್ಗ ಎಲ್ಲಿಂದ ಇಳಿಯಬೇಕು, ಅದು ಉಜ್ಜದಂತೆ ಕ್ಯಾನ್ವಾಸ್ ಪಟ್ಟಿಯನ್ನು ಎಲ್ಲಿ ಹಾಸಬೇಕು ಎಂಬುದು ಅವನ ಜವಾಬ್ದಾರಿ.

ಒಂದು ಮಧ್ಯಾಹ್ನ ಆಕಾಶ ತೊಳೆದಿಟ್ಟಂತಿತ್ತು. ಹನ್ನೆರಡು ಜನರನ್ನು ಕರೆದುಕೊಂಡು ಹಳ್ಳದ ನಡುವೆ ನಿಂತಿದ್ದೆವು. ಯಲ್ಲಪ್ಪ ಬಗ್ಗಿ ನೀರಿನಿಂದ ಒಂದು ಹಸಿರೆಲೆ ಎತ್ತಿಕೊಂಡ. ಮತ್ತೊಂದು ಬಂತು, ಜೊತೆಗೆ ಒಂದು ಹಸಿ ಕಡ್ಡಿ. ಎಲ್ಲರೂ ಬಲದಂಡೆ ಹತ್ತಿ ಎಂದು ಹೇಳಿ ತಾನೇ ಮೊದಲು ಒಬ್ಬ ಹೆಂಗಸಿನ ಕೈ ಹಿಡಿದು ಎಳೆದ. ಬಣ್ಣದ ಅಂಗಿಯ ಒಬ್ಬ ಸಾಹೇಬರು, ಮಳೆಯೇ ಇಲ್ಲವಲ್ಲ, ಫೋಟೋ ಮುಗಿಯಲಿ ಎಂದು ವಾದಕ್ಕೆ ನಿಂತರು. ಅವರನ್ನು ನಾನು ಸೊಂಟಪಟ್ಟಿ ಹಿಡಿದು ಮಾಲು ಎತ್ತಿದಂತೆ ಎತ್ತಿ ದಂಡೆಗಿಟ್ಟೆ. ಕಾಲು ತಾಸು ಕಳೆಯುವುದರೊಳಗೆ ನಾವು ನಿಂತಿದ್ದ ಬಂಡೆ ಕೆಂಪು ನೀರಿನ ಕೆಳಗಿತ್ತು. ಮೇಲೆ ಘಟ್ಟದಾಚೆ ಎಲ್ಲೋ ಮಳೆ ಸುರಿದಿತ್ತು. ಸಾಹೇಬರು ಆಮೇಲೆ ಯಲ್ಲಪ್ಪನ ಜೊತೆಗೂ ಒಂದು ಫೋಟೋ ತೆಗೆಸಿಕೊಂಡರು. ನೀವು ಈಗ ಹೊರಡುವ ಮುಂಚೆ ಫೋನಿನಲ್ಲಿ ಹವಾಮಾನ ನೋಡುತ್ತೀರಿ, ನೋಡಿ. ಎಲೆಯನ್ನೂ ನೋಡಿ.

ಗಿರಾಕಿಗಳ ವಿಷಯ ಒಂದೆರಡು ಮಾತು. ಕಿರುಚುವವರ ಬಗ್ಗೆ ಚಿಂತೆ ಬೇಡ, ಕಿರುಚಲು ಉಸಿರು ಬೇಕು, ಉಸಿರಿದ್ದವರು ಇಳಿಯುತ್ತಾರೆ. ಮುಖ ನೋಡಬೇಡಿ, ಕೈ ನೋಡಿ. ನಗುತ್ತಿರುವವರ ಬೆರಳುಗಳು ಹಗ್ಗದ ಮೇಲೆ ಬೆಳ್ಳಗಾಗಿದ್ದರೆ ಅವರನ್ನು ಮಾತಾಡಿಸಿ, ಊರು ಕೇಳಿ, ಊಟ ಕೇಳಿ. ನಿಶ್ಚಿತಾರ್ಥವಾದ ಜೋಡಿಯಲ್ಲಿ ಎಂದೂ ಹುಡುಗನನ್ನು ಮೊದಲು ಇಳಿಸಬೇಡಿ. ಹಾಗೆ ಇಳಿಸಿದ ಒಬ್ಬ ವರಮಹಾಶಯ ಅರ್ಧದಲ್ಲಿ ಬಂಡೆಯನ್ನು ಅಪ್ಪಿಕೊಂಡು ಅಮ್ಮನನ್ನು ಕರೆದ. ಹುಡುಗಿ ಮೇಲಿನಿಂದ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದಳು. ಮದುವೆಯಾಯಿತೋ ಇಲ್ಲವೋ ತಿಳಿಯಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನೀವು ‘ಬಾವಿ’ ಎಂದು ಕರೆಯುವ ಜಲಪಾತಕ್ಕೆ ಆ ಹೆಸರಿಟ್ಟವರು ನಾವೇ. ಅರವತ್ತು ಅಡಿ ಎತ್ತರ, ಕೆಳಗೆ ದುಂಡನೆಯ ಆಳವಾದ ಮಡು. ಅಲ್ಲಿ ಹಗ್ಗ ಕಟ್ಟುವ ಕ್ರಮ ನಿಮಗೆ ಗೊತ್ತು. ಆದರೂ ಹೊರಗಿನವರು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ಬಂಡೆಗೆ ಬಡಿದ ಬೋಲ್ಟಿನಲ್ಲಿ ಎಂಟರ ಆಕಾರದ ಒಂದು ಲೋಹದ ಬಳೆ ಇರುತ್ತದೆ, ಹಗ್ಗವನ್ನು ಅದಕ್ಕೆ ಸುತ್ತಿ ತಡೆದಿರುತ್ತೇವೆ. ಇಳಿಯುತ್ತಿರುವವರು ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಮೇಲಿರುವವನು ಆ ತಡೆ ತೆಗೆಯುತ್ತಾನೆ. ಚೀಲದಲ್ಲಿ ಉಳಿದಿರುವ ಹಗ್ಗ ಮೆಲ್ಲಗೆ ಜಾರುತ್ತದೆ, ತೂಗುತ್ತಿರುವವರು ತಾವೇನೂ ಮಾಡದೆ ಮಡುವಿಗೆ ಇಳಿಯುತ್ತಾರೆ. ಜೀವ ಉಳಿಯುವುದು ಹಗ್ಗ ಸಡಿಲಾಗುವುದರಿಂದ.

ನನ್ನ ಇಪ್ಪತ್ತೈದು ವರ್ಷದ ಬಂದರಿನ ಮೈಗೆ ಇದು ಒಗ್ಗಲಿಲ್ಲ. ಹಗ್ಗದ ಹಿಂಭಾಗ ಹಾಗೆ ಸಡಿಲವಾಗಿ ಚೀಲದಲ್ಲಿ ಬಿದ್ದಿರುವುದನ್ನು ನೋಡಿದಾಗಲೆಲ್ಲ ಕೈ ತಾನಾಗಿ ಗಂಟು ಹಾಕಲು ಹೋಗುತ್ತಿತ್ತು. ಒಂದು ದಿನ ಯಾರೂ ನೋಡದಾಗ, ಆ ಹಿಂಭಾಗವನ್ನು ಪಕ್ಕದ ಬೋಲ್ಟಿಗೆ ತಂದು ಬಾರ್ಜು ಬಿಗಿಯುವ ಗಂಟು ಹಾಕಿದೆ. ಮನಸ್ಸಿಗೆ ಹಾಯೆನಿಸಿತು. ಮರುದಿನವೂ ಹಾಕಿದೆ. ಎರಡು ತಿಂಗಳು ದಿನವೂ ಹಾಕಿದೆ, ಸಂಜೆ ಹಗ್ಗ ಸುತ್ತುವಾಗ ನಾನೇ ಬಿಚ್ಚಿದೆ. ಭಾರ ಬೀಳದ ಗಂಟು, ಸುಲಭವಾಗಿ ಬಿಚ್ಚುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಬಾಯಿ ಬೇಡವೆನ್ನುತ್ತಾರೆ ಎಂದು ಗೊತ್ತಿತ್ತು. ಬೇಡವೆನ್ನುತ್ತಾರೆಂದು ಗೊತ್ತಿದ್ದೂ ಮಾಡಿದೆ ಎಂಬುದನ್ನು ಗಮನಿಸಿ. ಅವರಿಗಿಂತ ಹಗ್ಗ ನನಗೆ ಚೆನ್ನಾಗಿ ಗೊತ್ತು ಎಂಬ ಜಂಬ.

ನನ್ನ ಎರಡನೆಯ ಋತು ಅದು. ಪುಣೆಯಿಂದ ಶರ್ವರಿ ಎಂಬ ದಂತವೈದ್ಯೆ ಬಂದಿದ್ದಳು. ರಜೆ ಸಿಕ್ಕಾಗಲೆಲ್ಲ ಒಂದೊಂದು ಬೆಟ್ಟಕ್ಕೆ ಹೋಗಿ ಒಂದೊಂದು ಸಾಹಸ ಮಾಡಿ ಬರುವವಳು. ಹಿಮಾಲಯದಲ್ಲಿ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹಾರಿದ್ದಳು, ಎಲ್ಲೋ ಹಿಮದ ಗೋಡೆ ಹತ್ತಿದ್ದಳು. ಅವಳ ಬೆರಳು ಬೆಳ್ಳಗಾಗಿರಲಿಲ್ಲ. ನನ್ನ ಹಲ್ಲು ನೋಡಿ ತಂಬಾಕು ಬಿಡಿ ಎಂದು ಬೈದು, ನಗುತ್ತಲೇ ಅಂಚು ದಾಟಿದಳು.

ಹನ್ನೆರಡು ಅಡಿ ಉಳಿದಿದ್ದಾಗ ಅವಳ ಜಡೆ ಹೆಲ್ಮೆಟ್ಟಿನಿಂದ ಜಾರಿ, ಇಳಿಯುವವರ ಸೊಂಟಪಟ್ಟಿಗೆ ಸಿಕ್ಕಿಸಿರುವ ಇನ್ನೊಂದು ಬಳೆಯೊಳಗೆ ಹಗ್ಗದ ಜೊತೆ ಸುತ್ತಿಕೊಂಡಿತು. ತಲೆ ಬಳೆಗೆ ಅಂಟಿದಂತಾಗಿ ಅಲ್ಲೇ ನಿಂತಳು, ನೀರು ಸರಿಯಾಗಿ ಹೆಗಲು ತಲೆಯ ಮೇಲೆ ಬೀಳುವ ಜಾಗದಲ್ಲಿ. ಮಡುವಿನ ಅಂಚಿನಲ್ಲಿದ್ದ ಬಾಯಿ ಎರಡು ಉದ್ದ ಸೀಟಿ ಹಾಕಿದರು. ಹಗ್ಗ ಬಿಡು ಎಂದು. ಅದು ನಾವು ನೂರು ಸಲ ಮಾತಾಡಿಕೊಂಡಿದ್ದ ಸಂದರ್ಭವೇ. ನಾನು ತಡೆ ತೆಗೆದೆ. ಹಗ್ಗ ಒಂದು ಗೇಣು ಜಾರಿ ನಿಂತಿತು. ನನ್ನ ಗಂಟು ಹಿಡಿದುಕೊಂಡಿತ್ತು.

ಬಿಚ್ಚಲು ಹೋದೆ. ಅವಳ ಇಡೀ ಮೈಯ ಭಾರ, ಮೇಲೆ ನೀರಿನ ಹೊಡೆತ, ಗಂಟು ಕಲ್ಲಾಗಿತ್ತು. ಉಗುರು ಕಿತ್ತು ಬಂತು, ಹಲ್ಲು ಹಾಕಿದೆ. ಎಳೆದು ಸಡಿಲಿಸೋಣವೆಂದರೆ ಒಬ್ಬನಿಂದ ಆಗುವ ಮಾತಲ್ಲ. ಕತ್ತರಿಸೋಣವೆಂದರೆ ಚಾಕು ಇದ್ದದ್ದು ಕೆಳಗೆ, ಬಾಯಿಯವರ ಬಳಿ. ಪಟ್ಟಿ ಹಾಸಿ ಹೋದ ಯಲ್ಲಪ್ಪ ಉಳಿದವರೊಂದಿಗೆ ಹಿಂದಿನ ಜಲಪಾತದ ಬಳಿ ಇದ್ದ, ಕೂಗಿದರೆ ಕೇಳದಷ್ಟು ದೂರ. ಕೆಳಗಿನಿಂದ ಸೀಟಿ ಮತ್ತೆ ಮತ್ತೆ ಬಂತು, ಆಮೇಲೆ ನಿಂತಿತು. ಬಗ್ಗಿ ನೋಡಿದರೆ ಬಾಯಿ ಬರಿಗೈಯಲ್ಲಿ ಪಕ್ಕದ ಪಾಚಿ ಬಂಡೆಯನ್ನು ಹತ್ತುತ್ತಿದ್ದರು, ಹಲ್ಲಿನಲ್ಲಿ ಕಚ್ಚಿದ ಚಾಕು. ಒಂದು ಕೈಯಿಂದ ಆ ಹುಡುಗಿಯನ್ನು ತಬ್ಬಿ, ಇನ್ನೊಂದರಿಂದ ಮೊದಲು ಜಡೆಯನ್ನು, ಆಮೇಲೆ ಹಗ್ಗವನ್ನು ಕತ್ತರಿಸಿದರು. ಇಬ್ಬರೂ ಒಟ್ಟಿಗೆ ಮಡುವಿಗೆ ಬಿದ್ದರು. ಶರ್ವರಿ ದಂಡೆಯ ಮೇಲೆ ನೀರು ಕಾರಿ ಕಾರಿ ಉಸಿರೆಳೆದದ್ದು ಮೇಲಿನಿಂದ ಕಂಡಿತು. ಅವಳು ಆ ನೀರಿನಲ್ಲಿ ಇದ್ದದ್ದು ನಾಲ್ಕು ನಿಮಿಷ.

ಬದುಕಿದಳು. ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದು. ಮುಂದಿನದಕ್ಕೆ ಬೇರೆ ಹೆಸರು.

ಕೆಳಗಿನಿಂದ ಮೇಲಕ್ಕೆ ಬರಲು ಕಾಡುದಾರಿಯಲ್ಲಿ ಇಪ್ಪತ್ತು ನಿಮಿಷ ಬೇಕು. ಭಾರ ಹೋದ ಮೇಲೆ ಕಬ್ಬಿಣದ ಮೊಳೆ ತೂರಿಸಿ ಮೀಟಿ ಆ ಗಂಟನ್ನು ಬಿಚ್ಚಿಬಿಟ್ಟೆ. ಬಾಯಿ ಬಂದರು, ತೋಳೆಲ್ಲ ತರಚಿತ್ತು. ಹಗ್ಗ ಯಾಕೆ ಜಾರಲಿಲ್ಲ ಎಂದು ಕೇಳಿದರು. ಅಂಚಿನ ಸೀಳಿನಲ್ಲಿ ಸಿಕ್ಕಿಕೊಂಡಿತ್ತು ಎಂದೆ. ಆ ಅಂಚಿನಲ್ಲಿ ನಿಜಕ್ಕೂ ಒಂದು ಸೀಳಿತ್ತು. ಯಲ್ಲಪ್ಪನ ಹೆಸರು ನಾನು ಎತ್ತಲಿಲ್ಲ, ಎತ್ತುವ ಅಗತ್ಯವೇ ಇರಲಿಲ್ಲ. ಅಂಚಿಗೆ ಪಟ್ಟಿ ಹಾಸುವುದು ಯಾರ ಕೆಲಸ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿ ಸೀಳನ್ನು ನೋಡಿದರು, ಆಗಷ್ಟೇ ಬಂದು ನಿಂತ ಯಲ್ಲಪ್ಪನನ್ನು ನೋಡಿದರು, ಮಾತಾಡಲಿಲ್ಲ. ಮರುದಿನ ಅವನನ್ನು ಕರೆದು ನಾಳೆಯಿಂದ ಬರಬೇಡ ಎಂದರು. ಅವನು ಒಂದೇ ಒಂದು ಮಾತೂ ವಾದಿಸದೆ ಹೆಲ್ಮೆಟ್ಟು ತೊಳೆದು ಒಣಗಲು ಇಟ್ಟು ಹೋದನೆಂದು ಕೇಳಿದೆ. ನಾನು ಅಲ್ಲೇ ಹಿಂದಿನ ಶೆಡ್ಡಿನಲ್ಲಿದ್ದೆ, ಹೊರಗೆ ಬರಲಿಲ್ಲ.

ಆ ದಿನಗಳಲ್ಲಿ ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಒಂದೆರಡಲ್ಲ. ಅವನು ಡ್ರೈವರ್, ಎಲ್ಲಾದರೂ ಸ್ಟೇರಿಂಗ್ ಸಿಗುತ್ತದೆ. ನನಗೆ ಐವತ್ತಾಯಿತು, ಯಾರು ಕರೆಯುತ್ತಾರೆ? ಹುಡುಗಿ ಬದುಕಿದ್ದಾಳಲ್ಲ. ಆ ಹಿಂದಿನ ಗಂಟನ್ನು ಹಾಕುವುದನ್ನು ಬಿಟ್ಟಿದ್ದೇನಲ್ಲ. ಇವೆಲ್ಲ ಹಗಲು ಹೊತ್ತು ಚೆನ್ನಾಗಿಯೇ ಕೇಳಿಸುತ್ತಿದ್ದವು.

ಹನ್ನೊಂದನೆಯ ದಿನ ಭಾನುವಾರ ಮಧ್ಯಾಹ್ನ ಯಲ್ಲಪ್ಪ ಝುವಾರಿನಗರಕ್ಕೆ ನಮ್ಮ ಮನೆಗೇ ಬಂದ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಅವನಿಗೆ ತಿಳಿದುಹೋಗಿದೆ, ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ನನ್ನ ಹೆಂಡತಿ ಖೈರೂನ್ ಚಹಾ ತಂದಿಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಾ ಹೇಳಿದ:

“ಹುಸೇನಣ್ಣ, ಬಂದರದಾಗ ನಿಮಗ ಗುರುತಿದ್ದವರು ಭಾಳ ಮಂದಿ ಅದಾರ. ಅಲ್ಲಿ ಏನರ ಒಂದು ಕೆಲಸ ನೋಡ್ರಿ ನನಗ. ಹಗ್ಗ, ಅಂಚು ಇವೆಲ್ಲ ಬ್ಯಾಡ್ರಿ ಇನ್ನ. ಲಾರಿನೂ ಬ್ಯಾಡ. ಆ ಸೀಳು ನಾ ಅವತ್ತ ನೋಡಿದ್ನಿರಿ. ನೋಡಿನೂ ಪಟ್ಟಿ ಒಂದು ಗೇಣು ಆಚೆ ಹಾಸೀನಿ. ಖರೇ ಹೇಳ್ತೇನಿ, ಆ ಹೆಣ್ಣಮಗಳು ಸತ್ತಿದ್ರ ನಾ ಕೊಂದಂಗ ಆಗತಿತ್ತು.”

ಅವನು ಪಟ್ಟಿಯನ್ನು ಸರಿಯಾದ ಜಾಗದಲ್ಲೇ ಹಾಸಿದ್ದ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ನನ್ನ ಒಂದು ಸುಳ್ಳನ್ನು ನಂಬಿ ಅವನು ಆಗದ ತಪ್ಪನ್ನು ನೆನಪಿಸಿಕೊಳ್ಳತೊಡಗಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹೊಡೆದಿದ್ದರೂ ಬಹುಶಃ ಸುಳ್ಳನ್ನೇ ಹಿಡಿದುಕೊಂಡಿರುತ್ತಿದ್ದೆ. ಸಹಾಯ ಕೇಳಲು ನನ್ನ ಬಳಿಗೇ ಬಂದಿದ್ದ. ಇದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಯಲ್ಲಪ್ಪ, ಹಗ್ಗ ಸೀಳಿಗೆ ಸಿಕ್ಕಿರಲಿಲ್ಲ,” ಎಂದೆ. “ನಾ ಹಿಂದ ಒಂದು ಗಂಟ ಹಾಕಿದ್ದೆ, ಬಾರ್ಜಿನ ಗಂಟ. ಅದು ಬಿಚ್ಚಲಿಲ್ಲ. ನೀ ಹಾಸಿದ್ದು ಬರೋಬ್ಬರಿ ಇತ್ತು.”

ಅವನು ಚಹಾ ಪೂರ್ತಿ ಕುಡಿದ. ಲೋಟವನ್ನು ಕೆಳಗಿಟ್ಟು ಒಂದು ಸಲ ನನ್ನ ಮುಖ ನೋಡಿದ. ಸಿಟ್ಟಿನಲ್ಲೂ ‘ರೀ’ ಬಿಡಲಿಲ್ಲ, ಅದು ಇನ್ನಷ್ಟು ಚುಚ್ಚಿತು.

“ಹನ್ನೊಂದು ದಿನ ಆತ್ರಿ,” ಎಂದ. “ಹನ್ನೊಂದು ದಿನ ನಾ ಹೇಣ್ತಿ ಮಕ್ಕಳ ಮುಖಾ ನೆಟ್ಟಗ ನೋಡಿಲ್ರಿ.”

ಎದ್ದು ಹೋದ. ಖೈರೂನ್ ಒಳಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಆ ಬಾಳೆಹಣ್ಣನ್ನು ಮುಟ್ಟಬೇಡಿ ಎಂದಳು. ಬಾಯಿಯವರಿಗೆ ಹೇಳಿ ಬಂದ ಮೇಲೆ ಬೇಕಾದರೆ ತಿನ್ನಿ ಎಂದಳು.

ಮರುದಿನ ಬೆಳಿಗ್ಗೆ ಹೋಗಿ ಹೇಳಿದೆ. ಬಾಯಿ ಕೂಗಾಡಲಿಲ್ಲ. ಅದೇ ಹಗ್ಗದ ತುಂಡು ತಂದು ಕೊಟ್ಟು ಆ ಗಂಟನ್ನು ಹಾಕಿ ತೋರಿಸು ಎಂದರು. ಹಾಕಿದೆ. ಅದನ್ನು ಜೀಪಿನ ಕೊಂಡಿಗೆ ಸಿಕ್ಕಿಸಿ ಒಂದು ಸಲ ಜಗ್ಗಿ, ಬಿಚ್ಚಲು ಕುಳಿತರು. ಕಾಲು ತಾಸು ಕುಳಿತರು. ಆಗದೆ ಹಗ್ಗವನ್ನು ನನ್ನ ಕಾಲ ಬಳಿ ಎಸೆದು ಜೀಪು ಹತ್ತು ಎಂದರು. ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ ಪುಣೆಗೆ ಫೋನ್ ಮಾಡಿ ಶರ್ವರಿಗೆ ನಡೆದದ್ದನ್ನೆಲ್ಲ ಹೇಳಿದರು, ನನ್ನ ಹೆಸರು ಹಿಡಿದೇ ಹೇಳಿದರು. ಆಕೆ, ತನ್ನ ಜಡೆಯಿಂದಲೇ ಎಲ್ಲ ಆಯಿತು ಎಂದುಕೊಂಡು ಉಳಿದ ಕೂದಲನ್ನೂ ಬೋಳಿಸಿಬಿಟ್ಟಿದ್ದಳಂತೆ. ನನ್ನ ಸುಳ್ಳು ಪುಣೆಯವರೆಗೂ ಹೋಗಿ ಕೆಲಸ ಮಾಡಿತ್ತು. ನಾನು ಫೋನು ಇಸಕೊಂಡು ಕ್ಷಮೆ ಕೇಳಿದೆ. ಆಕೆ, ತಂಬಾಕು ಬಿಟ್ಟಿರೋ ಇಲ್ಲವೋ ಎಂದಳು. ಆ ದಿನ ಬಿಟ್ಟೆ.

ಕುಡಚಡೆಯಲ್ಲಿ ಯಲ್ಲಪ್ಪನ ಮನೆ ರೈಲು ಹಳಿಯ ಪಕ್ಕದ ಸಾಲಿನಲ್ಲಿತ್ತು. ಬಾಯಿ ಬಾಗಿಲಲ್ಲೇ ನಿಂತು ‘ಮ್ಹಜಿ ಚೂಕ್’ ಎಂದರು, ತಪ್ಪು ತನ್ನದು ಎಂದು. ಅವನ ಹೆಂಡತಿಯ ಎದುರಿಗೇ ಹೇಳಿದರು. ವಿಚಾರಿಸದೆ ಕಳಿಸಿದೆ, ಕೆಲಸಕ್ಕೆ ಬಾ ಎಂದರು. ಮೇಲಧಿಕಾರಿಗಳನ್ನು ನಾನು ಬಂದರಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಕೂಲಿಯವನ ಮನೆ ಬಾಗಿಲಿಗೆ ಬಂದು ಹೀಗೆ ಹೇಳಿದವರನ್ನು ನೋಡಿರಲಿಲ್ಲ. ನನ್ನನ್ನು ಏನು ಮಾಡಬೇಕು ಎಂಬುದನ್ನು ಅವನೇ ಹೇಳಲಿ ಎಂದರು. ಇಟ್ಟುಕೊಳ್ಳಬೇಕೋ, ಕಳಿಸಬೇಕೋ.

ನಾನು ಹಳಿಯ ಕಲ್ಲುಗಳನ್ನು ನೋಡುತ್ತಾ ನಿಂತಿದ್ದೆ.

“ಇರ್ಲಿ ಬಾಯಿ,” ಎಂದ ಯಲ್ಲಪ್ಪ. “ಗಂಟ ಅವರಽ ಹಾಕ್ಲಿ, ಅವರಷ್ಟು ಚಲೋ ನನಗ ಬರೂದಿಲ್ಲ. ಆದ್ರ ಗಂಟ ಹಾಕಿದಾಂವನಽ ಮೊದಲ ಇಳೀಬೇಕು. ಆ ಹೆಣ್ಣಮಗಳು ಎಲ್ಲಿ ತೂಗಿದ್ಲು ಅಲ್ಲೇ ತೂಗಬೇಕು. ಮ್ಯಾಲ ನಾ ನಿಂತು ಬಿಡಸ್ತೇನಿ. ದಿನಾ. ಗಿರಾಕಿ ಆಮ್ಯಾಲೆ.”

ಬಂದರಿನಲ್ಲಿ ಖಲಾಸಿ ಮಾಲು ಕಟ್ಟುತ್ತಾನೆ, ಕ್ರೇನಿನಲ್ಲಿ ತಾನು ಎಂದೂ ತೂಗುವುದಿಲ್ಲ, ಅದು ಅಲ್ಲಿ ನಿಷಿದ್ಧ. ಈ ಕೆಲಸಕ್ಕೆ ಬಂದ ಮೇಲೆ ಜಲಪಾತದಲ್ಲಿ ಬೇಕಾದಷ್ಟು ಸಲ ಇಳಿದಿದ್ದೆ ನಿಜ. ಆದರೆ ಸರಸರ ಇಳಿದು ಮಡು ಸೇರುವುದು ಬೇರೆ, ನೀರಿನ ಕೆಳಗೆ ನಿಂತು ಇನ್ನೊಬ್ಬರ ಕೈಗಾಗಿ ಕಾಯುವುದು ಬೇರೆ. ಅದನ್ನು ನಾನು ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆ. ಹಗ್ಗ ಕಟ್ಟಿದೆ. ಯಲ್ಲಪ್ಪ ಅದನ್ನು ಎರಡು ಸಲ ಮುಟ್ಟಿ ನೋಡಿ, ಪಕ್ಕದ ಬೋಲ್ಟಿನ ಮೇಲೂ ಕೈಯಾಡಿಸಿ, ಇಳಿಯಿರಿ ಎಂದ. ಬಾಯಿ ಕೆಳಗೆ ಮಡುವಿನಲ್ಲಿದ್ದರು. ಹನ್ನೆರಡು ಅಡಿ ಉಳಿದಾಗ ಬಳೆ ಬಿಗಿದು ನಿಂತೆ. ಬಾಯಿಯವರು ಕೊಟ್ಟಿದ್ದ ಸೀಟಿಯನ್ನು ಎರಡು ಸಲ ಉದ್ದಕ್ಕೆ ಊದಿದೆ.

ಹಗ್ಗ ಜಾರಲಿಲ್ಲ.

ಮೊದಲು ಅಂದುಕೊಂಡೆ, ಕೇಳಿಸಿಲ್ಲ. ಮತ್ತೆ ಊದಲು ಬಾಯಿ ತೆರೆದರೆ ನೀರು ನುಗ್ಗಿತು. ಗದ್ದವನ್ನು ಎದೆಗೆ ಒತ್ತಿಕೊಂಡರೆ ಮಾತ್ರ ಒಂದು ಗುಟುಕು ಗಾಳಿ ಸಿಗುತ್ತಿತ್ತು. ಕಣ್ಣು ತೆರೆಯಲಾಗಲಿಲ್ಲ, ಕಿವಿಯಲ್ಲಿ ಬರೀ ಭೋರ್ಗರೆತ, ಹೆಗಲ ಮೇಲೆ ಹತ್ತಾರು ಜನ ಗುದ್ದುತ್ತಿರುವಂತೆ. ಕಾಲಿಗೆ ಬಂಡೆ ಸಿಗುತ್ತಿಲ್ಲ, ಕೈಗೆ ಹಿಡಿಯಲು ಹಗ್ಗ ಬಿಟ್ಟು ಬೇರೇನಿಲ್ಲ. ಮೇಲೆ ಒಬ್ಬ ಮನುಷ್ಯನಿದ್ದಾನೆ, ಅವನು ಮನಸ್ಸು ಮಾಡಿದರೆ ಬದುಕುತ್ತೇನೆ, ಇಲ್ಲದಿದ್ದರೆ ಇಲ್ಲ, ಇಷ್ಟೇ ತಲೆಯಲ್ಲಿ ಉಳಿದದ್ದು. ಆ ಮನುಷ್ಯನಿಗೆ ನಾನು ಮಾಡಿದ್ದೂ ನೆನಪಾಯಿತು. ಬೇಕೆಂದೇ ಬಿಡುತ್ತಿಲ್ಲ ಎನ್ನಿಸಿತು. ಬೈದೆ, ಆಮೇಲೆ ಅಲ್ಲಾಹನನ್ನು ಕರೆದೆ, ಆಮೇಲೆ ಕರೆಯುವುದನ್ನೂ ಬಿಟ್ಟೆ. ನನಗೆ ನಿಜವಾಗಿ ಹೆದರಿಕೆಯಾಯಿತು, ಹುಟ್ಟಿದ ಮೇಲೆ ಅಷ್ಟು ಹೆದರಿರಲಿಲ್ಲ.

ಆಗ ಹಗ್ಗ ಮೆಲ್ಲಗೆ, ಒಂದು ಸಲವೂ ಎಳೆಯದೆ, ತಡೆಯದೆ ಜಾರಿತು. ಮಡುವಿಗೆ ಇಳಿದೆ. ಬಾಯಿ ಹಿಡಿದು ದಂಡೆಗೆ ತಂದು ಕೂರಿಸಿದರು.

ಯಲ್ಲಪ್ಪ ಕಾಡುದಾರಿಯಲ್ಲಿ ಇಳಿದು ಬಂದ. ಪಕ್ಕದಲ್ಲಿ ಕುಳಿತು ಕೇಳಿದ:

“ಎಷ್ಟೊತ್ತು ಆತು ಅನಸ್ತೈತ್ರಿ?”

“ಹತ್ತು ನಿಮಿಷರ ಆಗಿರಬೇಕು,” ಎಂದೆ.

ಅವನು ತನ್ನ ಕೈಗಡಿಯಾರವನ್ನು ಅಂಗಿಗೆ ಒರೆಸಿ, ಹಳ್ಳದ ಕಡೆ ನೋಡುತ್ತಾ ಹೇಳಿದ:

“ಅರ್ಧ ನಿಮಿಷ ಆತ್ರಿ, ಹುಸೇನಣ್ಣ.”

ನಾನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಪ್ಪ ಸತ್ತಾಗಲೂ ಜನರ ಎದುರು ಅತ್ತಿರಲಿಲ್ಲ. ಯಲ್ಲಪ್ಪ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಿರಾಕಿಗಳ ಬಸ್ಸು ಬಂದ ಸದ್ದು ಕೇಳಿಸಿತು, ಇಬ್ಬರೂ ಎದ್ದು ಮೇಲಕ್ಕೆ ಹತ್ತಿದೆವು.